ಬಾಸ್ ಬೂಟು ಬಿಚ್ಚಿದ್ದು

ಮೊನ್ನೆ ಮತ್ತೋಡಿನ ಕಡೆಯವರೊಬ್ಬರು ಮನೆಗೆ ಬಂದರು. ಹಳೇ ಪಂಚೆಯಲ್ಲಿ ಸುತ್ತಿದ್ದ ಗಂಟೊಂದನ್ನು ನನ್ನ ಕೈಗಿಟ್ಟು, "ಮಲ್ಲಪ್ಪಾರು ಕೊಟ್ಟು ಕಳ್ಸಿದಾರ್ರಿ, ಚಳಿಗೆ ಹೊದ್ಕಳ್ಳಿ ಅಂದ್ರು" ಎಂದವರೇ ಕಾಫಿಗೂ ನಿಲ್ಲದೆ ಹಿರಿಯೂರಿನ ಬಸ್ಸಿಗೆ ಓಡಿದರು. ಗಂಟು ಬಿಚ್ಚಿದೆ. ಕರಿ ಕಂಬಳಿ, ಅಂಚಿಗೆ ಬಿಳಿ ಉಣ್ಣೆಯ ಎರಡು ಪಟ್ಟೆ, ಮಡಿಕೆಯೊಳಗೆ ಫೋನ್ ನಂಬರು ಬರೆದ ಚೀಟಿ. ಹೊಸ ಕಂಬಳಿಯ ವಾಸನೆ ನಿಮಗೆ ಗೊತ್ತಿದ್ದರೆ ಸರಿ. ಗೊತ್ತಿಲ್ಲದಿದ್ದರೆ, ಕುರಿಯ ಮೈವಾಸನೆಯ ಜೊತೆಗೆ ನೂಲಿಗೆ ಹಚ್ಚುವ ಹುಣಸೆ ಬೀಜದ ಗಂಜಿಯ ವಾಸನೆ ಬೆರೆತಿರುತ್ತದೆ ಎಂದಷ್ಟೇ ಹೇಳಬಲ್ಲೆ. ನನ್ನ ಹೆಂಡತಿ ಮೂಗು ಮುಚ್ಚಿಕೊಂಡು "ಮೊದ್ಲು ಬಿಸಿಲಿಗೆ ಹಾಕ್ರಿ" ಎಂದಳು. ನಾನೋ ಅದನ್ನು ಮುಟ್ಟಲಾರದೆ ಎರಡು ಹೆಜ್ಜೆ ಹಿಂದೆ ಸರಿದೆ. ಕಂಬಳಿಗೆ ಹೆದರುವ ಗಂಡಸನ್ನು ನೀವು ನೋಡಿಲ್ಲದಿದ್ದರೆ ನನ್ನನ್ನು ನೋಡಿ.

ಇದಕ್ಕೆ ಕಾರಣ ಹೇಳಬೇಕೆಂದರೆ ಎಪ್ಪತ್ತರ ದಶಕದ ದುರ್ಗಕ್ಕೆ ಹೋಗಬೇಕು. ಬೆಲ್‌ಬಾಟಂ ಪ್ಯಾಂಟಿನಲ್ಲಿ ರಸ್ತೆ ಗುಡಿಸಿಕೊಂಡು ಓಡಾಡುತ್ತ ನಾವು ಬಿ.ಎ. ಓದುತ್ತಿದ್ದ ಕಾಲ ಅದು. ಓದುತ್ತಿದ್ದುದಕ್ಕಿಂತ ಟಾಕೀಸಿನಲ್ಲಿ ಕೂತಿದ್ದೇ ಹೆಚ್ಚು. ಆಗಿನ ಸಿನಿಮಾಗಳಲ್ಲಿ ಬಾಸ್ ಎಂಬೊಬ್ಬ ಇರುತ್ತಿದ್ದನಲ್ಲ, ನಿಮಗೂ ನೆನಪಿರಬೇಕು. ಕತ್ತಲೆ ಕೋಣೆಯಲ್ಲೂ ಕಪ್ಪು ಕನ್ನಡಕ, ತಿರುಗುವ ಕುರ್ಚಿ, ಗೋಡೆಯ ಮೇಲೆ ಮಿಣಮಿಣ ಎನ್ನುವ ಕೆಂಪು ಬಲ್ಬು. ಅವನ ಕೈಕೆಳಗಿನವರು ಯಾವ ಊರಿನವರಾದರೂ ಹೆಸರು ಮಾತ್ರ ರಾಬರ್ಟ್. ರಾಬರ್ಟ್ ಓಡಿಬಂದು "ಮಾಲು ಸಿಕ್ಕಿಬಿತ್ತು ಬಾಸ್" ಎನ್ನುತ್ತಿದ್ದ. ಬಾಸ್ ನಗುನಗುತ್ತ ಅವನಿಗೇ ಗುಂಡು ಹೊಡೆದು ಚುಟ್ಟಾ ಹಚ್ಚುತ್ತಿದ್ದ. ಇಬ್ಬರು ಬಂದು ಹೆಣ ಎಳೆದುಕೊಂಡು ಹೋಗುತ್ತಿದ್ದರು. ನಾವು ಶಿಳ್ಳೆ ಹೊಡೆಯುತ್ತಿದ್ದೆವು.

ಕಾಲೇಜ್ ಡೇಗೆ ಅಂಥದೇ ಒಂದು ನಾಟಕ ಆಡಿಸಬೇಕೆಂದು ನನಗೆ ಹುಚ್ಚು ಹಿಡಿಯಿತು. ಬರೆದವನು ನಾನು, ನಿರ್ದೇಶಕ ನಾನು, ಬಾಸ್ ಕೂಡ ನಾನೇ. ರಾಬರ್ಟ್ ಆಗಿ ಸಾಯಲು ಒಪ್ಪಿದವನು ನನ್ನ ಹಾಸ್ಟೆಲ್ ರೂಮಿನ ಜೊತೆಗಾರ ಮಲ್ಲಪ್ಪ. ಮತ್ತೋಡಿನ ಹತ್ತಿರದ ಹಟ್ಟಿಯವನು, ಕುರಿ ಸಾಕುವವರ ಮನೆಯ ಹುಡುಗ, ಅವರ ಮನೆತನದಲ್ಲಿ ಕಾಲೇಜು ಕಂಡ ಮೊದಲನೆಯವನು. ಅವನನ್ನು ಸೇರಿಸುವ ದಿನ ಅವನಪ್ಪ ಕರಿಯಪ್ಪ ನನ್ನೆದುರಿಗೇ ಹೇಳಿದ್ದ: "ಓದು, ಬ್ಯಾಡ ಅನ್ನಲ್ಲ. ಮನೆ ಮರ್ಯಾದಿ ಕಳೆದ ದಿನ ಮಾತ್ರ ಪುಸ್ತಕ ಕಟ್ಟಿಟ್ಟು ಕುರಿ ಹಿಂದೆ ಬಾ." ಅದು ಬರೀ ಬೆದರಿಕೆ ಅಲ್ಲ ಎಂದು ಮಲ್ಲಪ್ಪನಿಗೆ ಗೊತ್ತಿತ್ತು, ನನಗೂ ಗೊತ್ತಿತ್ತು.

ತಾಲೀಮಿನಲ್ಲಿ ನಾಲ್ಕನೇ ಸಲವೋ ಐದನೇ ಸಲವೋ ಸತ್ತು ಎದ್ದವನು ಪ್ಯಾಂಟಿನ ಧೂಳು ಕೊಡವಿಕೊಳ್ಳುತ್ತ ಕೇಳಿದ: "ಲೇ, ಈ ರಾಬರ್ಟನ ಹೆಣ ಎಲ್ಲಿಗೆ ಹೋಗ್ತತೆ? ಅವನಿಗೂ ಒಬ್ಬ ಅವ್ವ ಇರ್ತಾಳಲ್ಲ. ಮಗ ಯಾಕೆ ಬರ್ಲಿಲ್ಲ ಅಂತ ಅವಳು ಯಾರನ್ನ ಕೇಳ್ಬೇಕು?"

ಯಾವ ಸಿನಿಮಾದಲ್ಲೂ ಯಾರೂ ಕೇಳಿರದ ಪ್ರಶ್ನೆ. ನಾನು ನಾಚಿಕೆಯಿಲ್ಲದೆ ಅದನ್ನು ನನ್ನದೇ ಮಾಡಿಕೊಂಡು ನಾಟಕವನ್ನೇ ತಿರುಗಿಸಿಬಿಟ್ಟೆ. ಪೊಲೀಸರಿಂದ ತಲೆಮರೆಸಿಕೊಂಡ ಬಾಸ್ ಯಾವುದೋ ಹಟ್ಟಿಗೆ ಬರುತ್ತಾನೆ. ಒಬ್ಬ ಮುದುಕಿ ಕಂಬಳಿ ಹಾಸಿ ಕೂರಿಸುತ್ತಾಳೆ. ಅವಳು ರಾಬರ್ಟನ ತಾಯಿ. "ನನ್ನ ಮಗ ಹೆಂಗವ್ನೆ?" ಎಂದು ಕೇಳುತ್ತಾಳೆ. ಮಲ್ಲಪ್ಪನ ಕಡೆ ಗದ್ದಿಗೆ ಕಂಬಳಿ ಅಂತ ಮನೆಗೊಂದಿರುತ್ತದೆ. ಪೂಜೆಗೆ, ನ್ಯಾಯ ಪಂಚಾಯ್ತಿಗೆ ಅದನ್ನು ಹಾಸುತ್ತಾರೆ. ಅದರ ಮೇಲೆ ಚಪ್ಪಲಿ ಇಡುವಂತಿಲ್ಲ, ಕೂತು ಸುಳ್ಳಾಡುವಂತಿಲ್ಲ. ಪಿಸ್ತೂಲಿಗೂ ಬಗ್ಗದ ಬಾಸ್ ಬೂಟು ಬಿಚ್ಚಿ, ಕಂಬಳಿಯ ಮೇಲೆ ಕೂತು ನಿಜ ಹೇಳುವುದೇ ಕಡೆಯ ದೃಶ್ಯ. ಹುಡುಗಿಯರು ನಾಟಕಕ್ಕೆ ಬರುತ್ತಿರಲಿಲ್ಲವಾದ್ದರಿಂದ, ಮೊದಲ ದೃಶ್ಯದಲ್ಲೇ ಸತ್ತು ಖಾಲಿಯಾಗುವ ಮಲ್ಲಪ್ಪನೇ ಸೀರೆ ಉಟ್ಟು ತಾಯಿಯೂ ಆಗುವುದೆಂದು ತೀರ್ಮಾನವಾಯಿತು.

ಹಾಸ್ಟೆಲಿನಲ್ಲಿ ಕಂಬಳಿಗೆ ಬರವಿರಲಿಲ್ಲ. ಯಾವುದಾದರೂ ಸಾಕಿತ್ತು. ಆದರೆ ನಿರ್ದೇಶಕರಿಗೆ ಅಸಲಿಯೇ ಬೇಕು! "ನಿಮ್ಮ ಮನೆ ಗದ್ದಿಗೆ ಕಂಬ್ಳೀನೇ ತಾ" ಎಂದೆ.

"ಅದು ಹಂಗೆಲ್ಲ ಹೊರಗೆ ಬರಂಗಿಲ್ಲ ಕಣೋ. ಅಪ್ಪಂಗೆ ಗೊತ್ತಾದ್ರೆ ನನ್ನ ಓದು ಮುಗೀತು."

"ಒಂದು ದಿನದ ಮಾತು. ತರದಿದ್ರೆ ಈ ನಾಟಕಾನೇ ಬ್ಯಾಡ ಬಿಡು" ಎಂದು ಮುಖ ತಿರುಗಿಸಿದೆ. ಎರಡು ದಿನ ಮಾತೂ ಬಿಟ್ಟೆ. ಮೂರನೆಯ ದಿನ ಅವನು ಊರಿಗೆ ಹೋಗಿ ಅಟ್ಟದಿಂದ ಕಂಬಳಿ ಇಳಿಸಿ, ಯಾರಿಗೂ ಹೇಳದೆ ತಂದ. ಬಾಸ್ ಅನ್ನುವವನು ಬಾಸ್ ಆಗುವುದು ಹೀಗೆಯೇ ಎಂದು ಆಗ ನನಗೆ ಹೊಳೆಯಲಿಲ್ಲ.

ಕಾಲೇಜ್ ಡೇ ಸಂಜೆ ನಾಲ್ಕೂವರೆಗೆ ತೆರೆ ಎದ್ದಿತು. ರಾಬರ್ಟ್ ಕೆಂಪು ಮಸಿ ಕಾರಿಕೊಂಡು ಸತ್ತ, ಶಿಳ್ಳೆ ಬಿತ್ತು. ಕಡೆಯ ದೃಶ್ಯಕ್ಕೆ ನಾನು ಹಟ್ಟಿಗೆ ಬಂದೆ. ಸೆರಗು ಹೊದ್ದ ಮಲ್ಲಪ್ಪ ಕಂಬಳಿ ಹಾಸಿ, ಅದರ ಅಂಚಿನ ಮೇಲೆ ಬರಿಗಾಲಲ್ಲಿ ನಿಂತ. ಈಗ ನಾನು ಬೂಟು ಬಿಚ್ಚಬೇಕು. ಎನ್‌ಸಿಸಿಯ ಹುಡುಗನೊಬ್ಬನಿಂದ ಕೇಳಿ ತಂದಿದ್ದ ಬೂಟು ಅದು, ನನ್ನ ಕಾಲಿಗೆ ಬಿಗಿ. ಲೇಸು ಎಳೆದೆ, ಕಗ್ಗಂಟಾಯಿತು. ಇನ್ನೊಂದು ಸಲ ಎಳೆದೆ, ಮತ್ತಷ್ಟು ಬಿಗಿಯಿತು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ನಗೆಪಾಟಲಾಗುತ್ತೇನೆಂಬ ಗಾಬರಿಯಲ್ಲಿ ಬೂಟುಗಾಲಲ್ಲೇ ಕಂಬಳಿ ತುಳಿದು ಕೂತುಬಿಟ್ಟೆ. ಮಲ್ಲಪ್ಪನ ಮುಖ ಬಣ್ಣದ ಕೆಳಗೂ ಬಿಳಚಿಕೊಂಡಿದ್ದು ಕಾಣಿಸಿತು. ಆದರೂ ಮಾತು ತಪ್ಪಿಸಲಿಲ್ಲ. "ನನ್ನ ಮಗ ಹೆಂಗವ್ನಪ್ಪ?" ಎಂದು ಕೇಳಿದ.

ನಾನು ಬಾಯಿ ತೆರೆಯುವ ಮೊದಲೇ ಸಭೆಯೊಳಗಿಂದ ಬಂತು ದನಿ: "ಬೂಟು ಬಿಚ್ಚಪ್ಪ."

ಕರಿಯಪ್ಪ! ಉಣ್ಣೆ ಮಾರಲು ದುರ್ಗಕ್ಕೆ ಬಂದವನಿಗೆ ನಿನ್ನ ಮಗನ ನಾಟಕವಿದೆ ಎಂದು ಯಾರೋ ಹೇಳಿದ್ದರಂತೆ. ಸಾಲುಗಳ ನಡುವೆ ನಿಧಾನಕ್ಕೆ ನಡೆದು ಸ್ಟೇಜಿನ ಮುಂದೆ ಬಂದು ನಿಂತ. ಜನ ಇದೂ ನಾಟಕವೇ ಎಂದುಕೊಂಡು ಉಸಿರು ಬಿಗಿಹಿಡಿದಿದ್ದರು. ಹೇಗೆ ಎಳೆದೆನೋ, ಲೇಸು ಕಿತ್ತು ಬಂತು. ಎರಡೂ ಬೂಟು ಬಿಚ್ಚಿ ಆಚೆಗಿಟ್ಟೆ. ತೂತುಬಿದ್ದ ಕಾಲುಚೀಲದಲ್ಲಿ ಹೆಬ್ಬೆರಳು ಕಾಣುತ್ತಿದ್ದರೂ ಯಾರೂ ನಗಲಿಲ್ಲ.

ಕರಿಯಪ್ಪ ಕೈ ಚಾಚಿ ಕಂಬಳಿಯ ಅಂಚು ಮುಟ್ಟಿ ನೋಡಿದ. ಕೋಪವಿಲ್ಲದ ದನಿಯಲ್ಲಿ ಕೇಳಿದ: "ಇದು ನಮ್ಮನಿ ಗದ್ದಿಗೆ. ಇದರ ಮ್ಯಾಲೆ ಕುಂತು ಸುಳ್ಳು ಹೇಳಂಗಿಲ್ಲ. ಇದನ್ನ ತರ್ಸಿದ್ದು ಯಾರಪ್ಪ?"

ನಾನು ಎಂದು ಹೇಳಿದ್ದರೆ ಮುಗಿಯುತ್ತಿತ್ತು. ನನಗಾಗುತ್ತಿದ್ದುದೇನು, ಪ್ರಿನ್ಸಿಪಾಲರಿಂದ ನಾಲ್ಕು ಬೈಗುಳ. ಹೆದರಿ ಸುಮ್ಮನಾದೆ ಎಂದು ನನಗೆ ನಾನೇ ಎಷ್ಟೋ ವರ್ಷ ಹೇಳಿಕೊಂಡೆ. ಅದು ಅರ್ಧ ನಿಜ. ಉಳಿದರ್ಧ ಏನೆಂದರೆ, ಅಷ್ಟು ಜನ ಉಸಿರು ಬಿಗಿಹಿಡಿದು ನನ್ನನ್ನೇ ನೋಡುತ್ತಿದ್ದರು, ನಾಟಕ ತುಂಬ ಚೆನ್ನಾಗಿ ಹೋಗುತ್ತಿತ್ತು. ಅದನ್ನು ಕೆಡಿಸಲು ನನಗೆ ಮನಸ್ಸು ಬರಲಿಲ್ಲ.

ಮಲ್ಲಪ್ಪ ನನ್ನ ಕಡೆ ನೋಡಿದ. ಆಮೇಲೆ ಕಂಬಳಿಯಿಂದ ಹಿಂದಕ್ಕೆ ಒಂದು ಹೆಜ್ಜೆ ಸರಿದು ಬರೀ ಹಲಗೆಯ ಮೇಲೆ ನಿಂತು, ತಲೆಯ ಮೇಲಿನ ಸೆರಗು ಇಳಿಸಿದ. "ಯಾರೂ ತರ್ಸಿಲ್ಲಪ್ಪ. ನಾನೇ ತಂದೆ" ಎಂದ.

ಸುಳ್ಳಾಡಲು ಅವನು ಕಂಬಳಿ ಬಿಟ್ಟು ಇಳಿದಿದ್ದ. ಅದನ್ನು ಗಮನಿಸಿದವನು ನಾನೊಬ್ಬನೇ.

ನಾನು ಎದ್ದೆ. ಕರಿಯಪ್ಪ ಕಂಬಳಿ ಕೊಡವಿ, ಮಡಚಿ, ಹೆಗಲಿಗೆ ಹಾಕಿಕೊಂಡು, "ನಡಿ, ಊರಿಗೆ ಹೋಗಾಣ" ಎಂದ. ಸೀರೆಯಲ್ಲೇ, ಬಣ್ಣದಲ್ಲೇ ಮಲ್ಲಪ್ಪ ಅಪ್ಪನ ಹಿಂದೆ ನಡೆದ. ಚಪ್ಪಾಳೆಯೋ ಚಪ್ಪಾಳೆ. ಗ್ಯಾಂಗಿನ ಕಥೆಗೆ ಇಂಥ ಮುಕ್ತಾಯ ಕಂಡಿರಲಿಲ್ಲ ಎಂದು ತೀರ್ಪುಗಾರರು ಹೊಗಳಿ, ನಿರ್ದೇಶನಕ್ಕೆ ಮೊದಲ ಬಹುಮಾನವೆಂದು ಸ್ಟೀಲಿನ ಚೊಂಬೊಂದನ್ನು ನನ್ನ ಕೈಗೆ ಕೊಟ್ಟರು. ನಾನು ತೆಗೆದುಕೊಂಡೆ. ಅಂದು ಹೋದ ಮಲ್ಲಪ್ಪ ಕಾಲೇಜಿಗೆ ಮತ್ತೆ ಬರಲಿಲ್ಲ. ಅವನ ಪುಸ್ತಕಗಳನ್ನು ಕಟ್ಟಿಕೊಂಡು ಒಮ್ಮೆ ಹೊಸದುರ್ಗದ ಬಸ್‌ಸ್ಟ್ಯಾಂಡಿನವರೆಗೆ ಹೋದೆ. ಮತ್ತೋಡಿನ ಬಸ್ಸು ಬಂತು, ಹೋಯಿತು. ನಾನು ಪುಸ್ತಕದ ಸಮೇತ ವಾಪಸ್ಸು ಬಂದೆ. ಮುಂದೆ ಮೇಷ್ಟ್ರಾದೆ, ಸುಳ್ಳು ಹೇಳಬಾರದೆಂದು ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದೆ. ರಾಬರ್ಟನನ್ನು ಕೊಲ್ಲುವ ಬಾಸನ್ನು ಹಂಗಿಸಲು ನಾಟಕ ಬರೆದವನು ನಾನು. ಆ ಬಾಸಿಗಿಂತ ನಾನೇನು ಕಡಿಮೆ, ಹೇಳಿ?

ಹೆಂಡತಿ ಹೇಳಿದಂತೆ ಕಂಬಳಿಯನ್ನು ಬಿಸಿಲಿಗೆ ಹಾಕಲಿಲ್ಲ. ನಡುಮನೆಯಲ್ಲಿ ಹಾಸಿದೆ. ಮನೆಯೊಳಗಿನ ಹವಾಯಿ ಚಪ್ಪಲಿಯನ್ನು ಆಚೆ ಬಿಟ್ಟು, ಮಂಡಿ ನೋವಿಗೆ ಗೊಣಗುತ್ತ ಅದರ ಮೇಲೆ ಕೂತು, ಚೀಟಿಯ ನಂಬರಿಗೆ ಫೋನ್ ಮಾಡಿದೆ. ಅವತ್ತಿನಿಂದ ಒಂದು ಮಾತೂ ಆಡಿರದಿದ್ದರೂ ಮಲ್ಲಪ್ಪ ದನಿ ಕೇಳಿದೊಡನೆ ಗುರುತು ಹಿಡಿದ.

"ಕಂಬ್ಳಿ ಬಂತೇನಪ್ಪ? ಅದೇ ಕಡೇದು. ಇನ್ನ ನೇಯಕ್ಕೆ ಕೈ ಓಡಲ್ಲ."

"ಮಲ್ಲಪ್ಪ, ಅವತ್ತು..." ಎಂದೆ.

ಅವನು ತಡೆದು ಕೇಳಿದ: "ಎಲ್ಲಿ ಕುಂತೀಯ?"

"ನೀನು ಕಳಿಸಿದ್ದರ ಮೇಲೆ."

"ಹಂಗಾರೆ ಹೇಳು."

ತರಿಸಿದ್ದು ನಾನು ಎಂದೆ. ನೀನು ಬೇಡವೆಂದರೂ ಹಟ ಹಿಡಿದವನು ನಾನು, ಬಾಯಿ ಮುಚ್ಚಿಕೊಂಡು ಕೂತವನು ನಾನು, ಚೊಂಬು ತಗೊಂಡವನೂ ನಾನು ಎಂದೆ. ಹೇಳುತ್ತ ಹೇಳುತ್ತ ಅತ್ತೆ. ಆ ಕಡೆ ಕುರಿಯೊಂದು ಕೂಗುತ್ತಿತ್ತು. ಅವನು ಪೂರ್ತಿ ಕೇಳಿದ.

"ನನಗೆ ಗೊತ್ತಿದ್ದದ್ದೇ ಕಣೋ" ಎಂದ ಕೊನೆಗೆ. "ಅಪ್ಪಂಗೆ ಹೇಳ್ಬೇಕಿತ್ತು ನೀನು. ಸಾಯೋ ತನಕ ನನ್ನ ಕಳ್ಳ ಅಂತ ತಿಳ್ಕಂಡಿದ್ದ."

ಫೋನನ್ನು ಅವನೂ ಇಡಲಿಲ್ಲ, ನಾನೂ ಇಡಲಿಲ್ಲ. ಹೆಂಡತಿ ಬಂದು ನೋಡಿ ಒಳಗೆ ಹೋದಳು. ನಾನು ಕಂಬಳಿಯ ಮೇಲೆ ಕೂತೇ ಇದ್ದೆ.