ಇಂದಿರಾ ಕಾಕು ಮತ್ತು ತಂತಿಯಿಲ್ಲದ ಹೆಡ್‌ಫೋನ್

ಶ್ರುತಿ ತಪ್ಪಿದರೆ ಇಂದಿರಾ ಕಾಕು ಅವರ ಮುಖ ಹಲ್ಲುನೋವು ಬಂದವರ ಹಾಗೆ ಕಿವುಚಿಕೊಳ್ಳುತ್ತಿತ್ತು. ಬೈಯುತ್ತಿರಲಿಲ್ಲ. ಹಾರ್ಮೋನಿಯಂ ಮೇಲಿನ ಕೈ ತೆಗೆದು, ಮತ್ತೆ ಹಾಡಿಸುತ್ತಿದ್ದರು. ಸರಿಹೋಗುವ ತನಕ ಪಾಠ ಮುಂದೆ ಸಾಗುತ್ತಿರಲಿಲ್ಲ.

ಅವರು ಗದಗಿನವರು. ಗಂಡನ ನೌಕರಿಯಿಂದಾಗಿ ನಾಗಪುರಕ್ಕೆ ಬಂದು, ಮಹಾಲ್ ಬಡಾವಣೆಯ ಹಳೆಯ ವಾಡೆಯಲ್ಲಿ ಓಣಿಯ ಮರಾಠಿ ಹುಡುಗಿಯರಿಗೆ ಹಾಡು ಕಲಿಸುತ್ತಿದ್ದರು. ಬ್ಯಾಂಕಿನ ವರ್ಗಾವಣೆಯಲ್ಲಿ ಬಂದ ನಾನು ಅದೇ ವಾಡೆಯ ಕೆಳಗಿನ ಕೋಣೆಯಲ್ಲಿದ್ದೆ. ಕನ್ನಡ ಕೇಳುವ ಆಸೆಗೆ ಅವರ ಮನೆಗೆ ಹೋಗುತ್ತಿದ್ದೆ.

ಲಕ್ವ ಹೊಡೆದ ಮೇಲೆ ಅವರ ಗಂಡ, ನಮಗೆಲ್ಲ ಕಾಕಾ, ಸಣ್ಣ ಸದ್ದಿಗೂ ಬೆಚ್ಚಿಬೀಳುತ್ತಿದ್ದರು. ಕಾಕು ಪಾಠವನ್ನು ಅಂಗಳದ ಪಡಸಾಲೆಗೆ ಒಯ್ದರು. ಆದರೆ ತಮ್ಮ ಗುರುಗಳ ಕ್ಯಾಸೆಟ್ ಕೇಳದೆ ಅವರಿಗೆ ದಿನ ಕಳೆಯುತ್ತಿರಲಿಲ್ಲ. ಅದಕ್ಕೆಂದೇ ಸೀತಾಬರ್ಡಿ ಪೇಟೆಯಿಂದ ತಂತಿಯಿಲ್ಲದ ಹೆಡ್‌ಫೋನ್ ತಂದರು. ಟೇಪ್‌ರೆಕಾರ್ಡರಿಗೆ ಜೋಡಿಸುವ ಪುಟ್ಟ ಪೆಟ್ಟಿಗೆಯೊಂದು ಅದರ ಜೊತೆಗಿತ್ತು. ಆ ಕಾಲಕ್ಕೆ ಅದು ನಮಗೆಲ್ಲ ಹೊಸ ಸೋಜಿಗ.

"ತಮ್ಮಾ, ಜಲ್ದಿ ಬಾ. ಬರೇ ಖರಖರ ಅಂತೈತಿ. ಎಡಕ್ಕಂತೂ ಹಾಡೇ ಇಲ್ಲ," ಎಂದು ಕರೆದರು.

ಸೆಲ್ ಬದಲಿಸಿದೆ. ಫ್ರಿಜ್ಜಿನ ಪಕ್ಕದಲ್ಲಿದ್ದ ಪೆಟ್ಟಿಗೆಯನ್ನು ಕಿಟಕಿಗೆ ಸರಿಸಿದೆ, ಚಾನೆಲ್ ಬದಲಾಯಿಸಿದೆ. ಖರಖರ ನಿಂತಿತು. ನಾನು ಹಾಕಿಕೊಂಡಾಗ ಎರಡೂ ಕಡೆ ಹಾಡು ಕೇಳಿತು.

"ನೀ ಹಾಕ್ಕೊಂಡ್ರ ಬರ್ತೈತಿ, ನಾ ಹಾಕ್ಕೊಂಡ್ರ ಹೋಗ್ತೈತಿ. ಒಳಗ ತಂತಿ ಸಡಿಲ ಆಗಿರಬೇಕು," ಎಂದರು ಕಾಕು. ನನಗೂ ಹಾಗೇ ಅನ್ನಿಸಿತು. ರಿಪೇರಿಯವನು ಬಿಚ್ಚಿ ನೋಡಿ, ಏನೂ ಕೆಟ್ಟಿಲ್ಲವೆಂದು ಹಿಂತಿರುಗಿಸಿದ.

"ಒಮ್ಮೆ ತಿರುವಿ ಹಾಕ್ಕೋರಿ ಕಾಕು. ಎಡದ್ದು ಬಲಕ್ಕ ಬರಲಿ," ಎಂದೆ. ಹಾಕಿಕೊಂಡರು.

"ಈಗ?"

"ಎಡಕ್ಕ ಇಲ್ಲ."

ಹಾಗೆ ಹೇಳಿದ ಮೇಲೆ ಕಾಕು ಅವರಿಗೆ ಅರ್ಥವಾಯಿತು. ತಾವೇ ತೆಗೆದು, ತಿರುವಿ, ಮತ್ತೆ ಹಾಕಿಕೊಂಡರು. ಕೊನೆಗೆ ಮಡಿಲಲ್ಲಿಟ್ಟುಕೊಂಡು, "ಮಷೀನ್ ಬರೋಬರ್ ಐತಿ," ಎಂದರು.

ಎಡಗಿವಿಯ ನರ ಹೋಗಿದೆ, ಬಲಗಿವಿಯೂ ಸೋಲುತ್ತಿದೆ, ಸ್ವರ ಏರುಪೇರಾಗಿ ಕೇಳುತ್ತಿರಬಹುದು ಎಂದರು ಡಾಕ್ಟರು. ಮೂರನೆಯ ಮಾತಿಗೆ ಕಾಕು ಕಣ್ಣು ಮುಚ್ಚಿಕೊಂಡರು. "ವೈಶಾಲಿ," ಎಂದರು ಮೆಲ್ಲಗೆ.

ವೈಶಾಲಿ ಅವರ ಪಾಠಕ್ಕೆ ಬರುತ್ತಿದ್ದ ಹುಡುಗಿ. ಸ್ವರ ಇಳಿಯುತ್ತಿದೆಯೆಂದು ಕಾಕು ಒಂದೇ ಸಾಲನ್ನು ಮತ್ತೆ ಮತ್ತೆ ಹಾಡಿಸಿದ್ದರು. ಅವಳು ಅತ್ತು ಪಾಠ ಬಿಟ್ಟಿದ್ದಳು.

ಆಸ್ಪತ್ರೆಯಿಂದ ನೇರ ಅವಳ ಮನೆಗೆ ಹೋದೆವು. ಬಾಗಿಲಲ್ಲೇ ನಿಂತು ಕಾಕು ಮರಾಠಿಯಲ್ಲಿ ಹೇಳಿದರು: "ನೀನು ಸರಿಯಾಗೇ ಹಾಡ್ತಿದ್ದೆ ಮಗಳೇ. ನನ್ನ ಕಿವಿ ಕೆಟ್ಟಿತ್ತು." ಹುಡುಗಿ ಒಳಗೆ ಕರೆದಳು, ಇವರು ಹೋಗಲಿಲ್ಲ. ಬೇರೆ ಗುರುಗಳ ವಿಳಾಸ ಹೇಳಿ ಮೆಟ್ಟಿಲಿಳಿದರು. ಆ ವಾರವೇ ಪಾಠ ನಿಲ್ಲಿಸಿಬಿಟ್ಟರು. ನಿಲ್ಲಿಸಬೇಡಿ ಎಂದು ನಾನು ಹೇಳಿದಾಗ, "ಮಕ್ಕಳ ಗಂಟಲಾ ಹಾಳು ಮಾಡ್ಲ್ಯಾ?" ಎಂದು ಕೇಳಿದರು.

ಎರಡು ವರ್ಷದ ಮೇಲೆ ನನಗೆ ಹುಬ್ಬಳ್ಳಿಗೆ ವರ್ಗವಾಯಿತು. ಹೇಳಿಹೋಗಲೆಂದು ಮೇಲೆ ಹತ್ತಿದೆ. ಕಾಕು ಕಾಕಾ ಅವರಿಗೆ ಗಂಜಿ ಕುಡಿಸುತ್ತಿದ್ದರು.

"ನಾಳೆ ಊರಿಗೆ ಹೋಗ್ತೀನ್ರಿ ಕಾಕು. ಇನ್ನ ಬರಾಂಗಿಲ್ಲ."

ನನ್ನ ತುಟಿಗಳನ್ನೇ ನೋಡುತ್ತಿದ್ದರು. ಇನ್ನೊಮ್ಮೆ ಹೇಳಿದೆ. ಮುಖ ಅರಳಿತು.

"ಹೂಂ, ನಾಳೆ ಬಾ. ಜಲ್ದಿ ಬಾ, ಚಹಾ ಮಾಡ್ತೀನಿ," ಎಂದರು.

ಮೂರನೆಯ ಸಲ ಹೇಳುವ ಧೈರ್ಯ ನನಗೆ ಬರಲಿಲ್ಲ. ತಲೆಯಾಡಿಸಿ ಇಳಿದು ಬಂದೆ.