ಕೆಂಪು ದಾರದ ತುತ್ತಿ ಹೂ

“ಬೆರಕಿ ಅಂತ ಬರೀಬ್ಯಾಡ್ರಿ ಸರ್!” ಎಂದು ನಾನು ಕೂಗಿದಾಗ, ಹೊಲದ ಬದುವಿನ ಮೇಲೆ ಬುತ್ತಿ ಬಿಚ್ಚಿದ್ದ ಹೆಂಗಸರೆಲ್ಲ ತಿರುಗಿ ನೋಡಿದರು. ಎಪ್ಪತ್ತರ ದಶಕದ ಕೊನೆ. ಲಕ್ಷ್ಮೇಶ್ವರದ ಹತ್ತಿರ ಹೈಬ್ರಿಡ್ ಹತ್ತಿ ಹೂಗಳಿಗೆ ಕ್ರಾಸಿಂಗ್ ಮಾಡುವ, ಎಂದರೆ ಒಂದು ತಳಿಯ ಹೂವಿನ ಕೇಸರ ತೆಗೆದು ಇನ್ನೊಂದು ತಳಿಯ ಪರಾಗ ಒರೆಸುವ ಕೂಲಿ ನನ್ನದು. ಗಿಡಗಳ ಅಭ್ಯಾಸಕ್ಕೆ ಬಂದಿದ್ದ ಕಾಲೇಜು ಮೇಷ್ಟ್ರು, ಬದುವಿನಲ್ಲಿ ಒತ್ತಾಗಿ ಬೆಳೆದ ಎರಡು ಜಾತಿಯ ತುತ್ತಿ ಎಂಬ ಕಾಡುಗಿಡ ತೋರಿಸಿ, ಒಂದೇ ಜೇನು ಎರಡರ ಮೇಲೂ ಕೂರುವುದರಿಂದ ಬೀಜವೆಲ್ಲ ಬೆರಕೆ ಎಂದು ತಮ್ಮ ಟಿಪ್ಪಣಿ ವಹಿಯಲ್ಲಿ ಬರೆಯಹೊರಟಿದ್ದರು.

“ಬೆರಕಿ ಆಗಿದ್ರ ಎರಡರ ನಡುವಿನ ನಮೂನಿ ಗಿಡ ಒಂದರ ಹುಟ್ಟಬೇಕಿತ್ತಲ್ರಿ?” ಎಂದೆ. ಅವರು ನಕ್ಕುಬಿಟ್ಟರು.

ತುತ್ತಿ ಹೂವಿನ ಒಳರಚನೆಯೂ ಹತ್ತಿ ಹೂವಿನಂತೆಯೇ. ತಮ್ಮದೇ ಪರಾಗ ತಾಗದಿರಲೆಂದು ಅಂದೇ ಒಂದು ಜಾತಿಯ ಮೊಗ್ಗುಗಳ ಕೇಸರ ತೆಗೆದೆ. ಕೆಲವಕ್ಕೆ ಪಕ್ಕದ ಜಾತಿಯ ಪರಾಗ ಒರೆಸಿ ಕೆಂಪು ದಾರ, ಕೆಲವಕ್ಕೆ ಅದೇ ಜಾತಿಯದು ಒರೆಸಿ ಬಿಳಿ ದಾರ ಕಟ್ಟಿ, ಹುಳ ಮುಟ್ಟದಂತೆ ಕಾಗದ ಮುಚ್ಚಿದೆ. ತಿಂಗಳು ಬಿಟ್ಟು ಬರ್ರಿ ಎಂದು ಮೇಷ್ಟ್ರಿಗೆ ಹೇಳಿದೆ.

ಬಂದರು. ಬಿಳಿ ದಾರದಲ್ಲಿ ಕಾಯಿ ತುಂಬಿತ್ತು. ಕೆಂಪು ದಾರದಲ್ಲಿ ಬರೀ ತೊಟ್ಟು. ಜೇನು ಎರಡರ ಪರಾಗ ತಂದರೂ ಹೂ ತನ್ನದನ್ನಷ್ಟೇ ಒಪ್ಪುತ್ತಿತ್ತು. ಮೇಷ್ಟ್ರು ಆ ಟೊಂಗೆಗಳನ್ನು ಕತ್ತರಿಸಿಕೊಂಡು, ‘ಕೂಲಿ ಹೆಂಗಸೊಬ್ಬಳು ಮಾಡಿದ್ದು’ ಎಂದು ವಹಿಯಲ್ಲಿ ಬರೆದರು. ನಾಲ್ಕನೇ ಇಯತ್ತೆಯವರೆಗೆ ಶಾಲೆ ಓದಿದ್ದ ನನಗೆ ಅಷ್ಟು ಓದಲು ಬರುತ್ತಿತ್ತು. ವಹಿಗೆ ಕೈ ಅಡ್ಡ ಇಟ್ಟೆ.

“ಆಕಿಗೆ ಹೆಸರೈತ್ರಿ. ಹುಸೇನಬಿ ಅಂತ ಬರೀರಿ.”

ಬರೆಯುವವರೆಗೂ ಕೈ ತೆಗೆಯಲಿಲ್ಲ. ಆ ವಹಿ ಈಗ ಎಲ್ಲಿದೆಯೋ ಗೊತ್ತಿಲ್ಲ. ಆದರೆ ಅಂದಿನಿಂದ “ಏ, ಕೂಲಿಯಾಕಿ” ಎಂದು ಯಾರು ಕರೆದರೂ ನಾನು ತಿರುಗಿ ನೋಡಿಲ್ಲ.