ಲಿನಕ್ಸಿಗೆ ಚೀಟಿ ಎತ್ತಿಸಿದ ಹೆಂಡತಿ

ಗೆಳೆಯರೇ, ಹಳೆಯ ಕಂಪ್ಯೂಟರಿಗೆ ಲಿನಕ್ಸ್ ಎಂಬ ಉಚಿತ ಆಪರೇಟಿಂಗ್ ಸಿಸ್ಟಮ್ ಹಾಕಬೇಕು, ಆದರೆ ಅದರ ಬಗೆಗಳಲ್ಲಿ ಉಬುಂಟುವೋ ಮಿಂಟೋ ಡೆಬಿಯನ್ನೋ ಎಂದು ತಿಂಗಳಿಂದ ಒದ್ದಾಡುತ್ತಿದ್ದೆ. ಇಂದು ಬೆಳಿಗ್ಗೆ ಹೆಂಡತಿ ಮೂರೂ ಹೆಸರನ್ನು ಚೀಟಿಯಲ್ಲಿ ಬರೆದು, ಚಿತ್ತವಾಡ್ಗಿಯ ನಮ್ಮ ಓಣಿಯ ಹನುಮಪ್ಪನ ಮುಂದಿಟ್ಟು, ಗುಡಿಯ ಆಚಾರ್ರ ಕೈಯಲ್ಲಿ ಒಂದನ್ನು ಎತ್ತಿಸಿಕೊಂಡು ಬಂದಿದ್ದಾಳೆ!

“ಡೆಬಿಯನ್ ಬಂದೈತ್ರಿ. ಇನ್ನ ತಲಿ ಕೆಡಿಸ್ಕೋಬ್ಯಾಡ್ರಿ.”

ಓಡಿಹೋಗಿ ಆಚಾರ್ರನ್ನೇ ಕೇಳಿದೆ: “ದೇವರಿಗೇನ್ರಿ ಗೊತ್ತು ಲಿನಕ್ಸು?”

ಅವರು ತೀರ್ಥ ಕೊಡುತ್ತಲೇ ಅಂದರು: “ಅದಿರಲಿ, ಫೈಲೆಲ್ಲ ಬ್ಯಾಕಪ್ ತಗೊಂಡೀರೇನ್ರಿ?”

ತೀರ್ಥ ಕುಡಿದು, ಕೈ ತಲೆಗೆ ಒರೆಸಿಕೊಂಡು ಅಂದೆ: “ಇಲ್ರೀ.”

“ಭಾಳ ಛಲೋ ಆತು! ಡೆಬಿಯನ್ ಹಾಕ್ರಿ, ಆದ್ರ ಬ್ಯಾಕಪ್ ಹನುಮಪ್ಪ ತಗೊಳ್ಳಂಗಿಲ್ಲ, ನೀವ ತಗೋಬೇಕು.”

ಹೊರಬರುವಾಗ ನೋಡಿದೆ: ಸೇವೆಯ ರಸೀದಿ ಕೊಡುವ ಗುಡಿಯ ಕಂಪ್ಯೂಟರಿನಲ್ಲೂ ಡೆಬಿಯನ್ನೇ ಇದೆ. ಚೀಟಿ ಆರಿಸಿದ್ದು ಹನುಮಪ್ಪನೋ ಆಚಾರ್ರೋ ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ.